ಸೀಳಿದ ಕೋಲಿನ ಅರ್ಧ

ವೆಸ್ಟ್‌ಮಿನ್‌ಸ್ಟರ್,
ಸಂತ ಮೈಕೇಲನ ಹಬ್ಬದ ಮರು ಶುಕ್ರವಾರ

ನನ್ನ ಮುದ್ದಿನ ಇಡೋನಿಯಾ,

ನಿನ್ನ ಪತ್ರವೂ ನೀನು ಬಟ್ಟೆಯಲ್ಲಿ ಸುತ್ತಿ ಕಳಿಸಿದ ಕೋಲೂ ಭದ್ರವಾಗಿ ತಲುಪಿದವು. ಮಗುವಿಗೆ ಹಲ್ಲು ಬಂದಿತೆಂದು ತಿಳಿದು ಸಂತೋಷವಾಯಿತು.

ಕಂದಾಯ ನುಂಗಿದನೆಂಬ ಆರೋಪದಿಂದ ಗಂಡನನ್ನು ಉಳಿಸಿಕೊಡಿ ಎಂದು ಬೇಡಿದ್ದೀಯ. ಫುಲ್ಕ್ ತನ್ನ ಸೀಮೆಯ ಕಂದಾಯವನ್ನು ನಿಮ್ಮ ಮದುವೆಗೆ ಮುಂಚೆಯೇ ಖಜಾನೆಗೆ ಕಟ್ಟಿದ್ದು ನಿಜ. ಕಟ್ಟಿದ ಹಣಕ್ಕೆ ಕೋಲಿನ ಮೇಲೆ ಗೀರು ಹಾಕಿ, ಉದ್ದಕ್ಕೆ ಸೀಳಿ, ಅರ್ಧ ಅವನಿಗೆ ಕೊಟ್ಟು ಅರ್ಧ ನಾವಿಟ್ಟುಕೊಂಡೆವು. ನಮ್ಮ ಅರ್ಧ ಎಲ್ಲಿ ಹೋಯಿತೋ, ಇಲಿಗಳನ್ನು ಕೇಳಬೇಕು. ಹಣ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಉಳಿದದ್ದು ಅವನದೊಂದೇ. ಅಂಥದ್ದನ್ನು ಜನ ಎದೆಗೆ ಕಟ್ಟಿಕೊಂಡು ಮಲಗುತ್ತಾರೆ. ನೀನು, ಅಪ್ಪನ ಕೈಯಲ್ಲಿದ್ದರೆ ಭದ್ರವೆಂದು ಕಳಿಸಿದೆ.

ನಿನ್ನೆ ಖಜಾನೆಯ ಲೆಕ್ಕ ಒಪ್ಪಿಸುವ, ಚೌಕಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಅವನನ್ನು ನಿಲ್ಲಿಸಿದರು. ನಾನು ಚರ್ಮ ಹದ ಮಾಡುವವನ ಮಗ. ಆ ಮೇಜಿನ ಸುತ್ತ ಕೂತ ಕುಲೀನರು ಇಪ್ಪತ್ತು ವರ್ಷದಿಂದ ನನ್ನ ಮೈಯಲ್ಲಿ ಹಳೆಯ ವಾಸನೆ ಹುಡುಕುತ್ತಿದ್ದಾರೆ. ಅವರಲ್ಲೊಬ್ಬ, “ಖಜಾಂಚಿಗಳ ಅಳಿಯನಿಗೆ ಕೋಲು ತೋರ್ಸೋದೂ ಮಾಫಿಯೇನೋ,” ಎಂದು ಮೂಗು ಮುಚ್ಚಿಕೊಂಡ. ಹಣ ಎಲ್ಲಿ ಎಂಬ ಪ್ರಶ್ನೆಗೆ ಆ ಹೊತ್ತು ಅವನು, ನಾನು ಇಬ್ಬರಲ್ಲಿ ಒಬ್ಬರು ಉತ್ತರವಾಗಲೇಬೇಕಿತ್ತು.

ಫುಲ್ಕ್ ಮೆಲ್ಲಗೆ, “ಮಾವ, ಕೋಲು ನಿಮ್ಮ ಹತ್ರಾನೇ ಇದೆಯಲ್ಲ, ಇಡೋನಿಯಾ ಕಳಿಸಿದ್ಲಲ್ಲ,” ಎಂದ.

“ಇಲ್ಲಿ ಮಾವ ಅಂತ ಯಾರೂ ಇಲ್ಲಪ್ಪ. ಕೋಲಿದ್ರೆ ಮೇಜಿನ ಮೇಲಿಡು.”

ನಾನು ತಮಾಷೆ ಮಾಡುತ್ತಿದ್ದೇನೆಂದು ಪಾಪ ಅವನು ನಕ್ಕ. ಕಾವಲುಗಾರ ತೋಳು ಹಿಡಿದ ಮೇಲೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದ.

ಸೋಮವಾರ ನೇಣು. ಈ ಪತ್ರ ಯಾರ್ಕ್ ಮುಟ್ಟುವಷ್ಟರಲ್ಲಿ ಸೋಮವಾರ ಕಳೆದಿರುತ್ತದೆ, ಆದ್ದರಿಂದ ಕುದುರೆ ಹೂಡಿಸಬೇಡ. ಇದನ್ನು ಯಾರಿಗಾದರೂ ತೋರಿಸಬೇಕೆನಿಸಿದರೆ ಧಾರಾಳವಾಗಿ ತೋರಿಸು. ಖಜಾನೆಯ ಮೇಲಿನ ದೂರುಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಅವನು ಕಟ್ಟಿದ ಬೆಳ್ಳಿ ಎಲ್ಲಿ ಹೋಯಿತೆಂದು ಮಾತ್ರ ಕೇಳಬೇಡ. ನಿನ್ನ ಮದುವೆಯಲ್ಲಿ ಹುರಿದ ಹಂಸ ತಿಂದೆಯಲ್ಲ, ನಿನ್ನ ಜೊತೆ ಅವನಿಗೆ ಪೆಟ್ಟಿಗೆ ತುಂಬ ವರದಕ್ಷಿಣೆ ಬಂತಲ್ಲ. ಅವನ ಬೆಳ್ಳಿ ಅವನಿಗೇ ಮುಟ್ಟಿದೆ.

ಮಗುವಿಗೆ ನನ್ನ ಮುತ್ತು.

ನಿನ್ನ ಪ್ರೀತಿಯ ತಂದೆ,
ಒಸ್ಬರ್ಟ್
ರಾಜರ ಖಜಾಂಚಿ

ಮರೆತಿದ್ದೆ: ಪತ್ರದ ಮೇಲಿನ ಅರಗು ಎಷ್ಟು ನುಣ್ಣಗೆ ಕೂತಿದೆ ನೋಡು. ಇಲ್ಲಿ ಸೌದೆಯೆಲ್ಲ ಹಸಿ. ನೀನು ಕಳಿಸಿದ ಕೋಲು ಚೆನ್ನಾಗಿ ಒಣಗಿತ್ತು.