ಕಚ್ಚಿದ್ದು ಯಾರ ನಾಯಿ?

ಗಾಜಿಪುರ, ಕಲಬುರಗಿ
೧೭-೨-೧೯೯೯, ಬುಧವಾರ

ಚಿ. ವೈಜಯಂತಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಹೋದ ಪತ್ರದಲ್ಲಿ ಪೂರ್ತಿ ಕಡಿಮೆಯಾಗಿದೆ ಎಂದು ಬರೆದಿದ್ದೀ, ಆದರೆ ಅಕ್ಷರಗಳೆಲ್ಲ ಜ್ವರದಲ್ಲಿ ಬರೆದಂತೆ ಓರೆಯಾಗಿದ್ದವು. ನಾನು ನಂಬಲಿಲ್ಲ, ನಿನ್ನ ಅಮ್ಮನೂ ನಂಬಲಿಲ್ಲ. ಧಾರವಾಡದ ಗಾಳಿ ಬೇರೆ, ನಮ್ಮ ಬಿಸಿಲು ಬೇರೆ. ಬೆಳಿಗ್ಗೆ ಲ್ಯಾಬಿಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ, ಹಾಸ್ಟೆಲ್ಲಿನ ಹುಡುಗಿಯರು ನಕ್ಕರೆ ನಗಲಿ. ಅಮ್ಮ ಶೇಂಗಾ ಹಿಂಡಿ, ಮೆಂತ್ಯದ ಹಿಟ್ಟು ಮಾಡಿ ಡಬ್ಬಿಗೆ ತುಂಬಿಟ್ಟಿದ್ದಾಳೆ. ಆ ಕಡೆ ಹೋಗುವವರು ಸಿಕ್ಕ ಕೂಡಲೇ ಕಳಿಸುತ್ತೇನೆ. ಅವಳ ಮೊಣಕಾಲು ನೋವು ಇದ್ದ ಹಾಗೇ ಇದೆ. ನಿನ್ನ ಶೇರೂ ಬಾಲ ಅಲ್ಲಾಡಿಸಿಕೊಂಡು ಆರಾಮಾಗಿದ್ದಾನೆ. ಇದನ್ನು ಸುಮ್ಮನೆ ವಾಡಿಕೆಗೆ ಬರೆದೆನೆಂದು ತಿಳಿಯಬೇಡ. ಇವತ್ತು ಬೆಳಿಗ್ಗೆ ಅವನನ್ನು ಕಮಲಾಪುರಕ್ಕೆ ಕರೆದುಕೊಂಡು ಹೋಗಿ, ಸರಕಾರಿ ದವಾಖಾನೆಯ ಡಾಕ್ಟರರ ಮುಂದೆ ನಿಲ್ಲಿಸಿ, ಅವನು ಆರಾಮಾಗಿದ್ದಾನೆ ಎಂದು ತೋರಿಸಿ ಬಂದೆ. ಯಾಕೆ ತೋರಿಸಬೇಕಾಯಿತು ಎಂಬುದನ್ನು ಬೇರೆಯವರ ಬಾಯಿಂದ ನೀನು ಕೇಳುವ ಮೊದಲು ನಾನೇ ಬರೆಯುತ್ತೇನೆ.

ನೀನು ಇಲ್ಲಿಂದ ಹೋಗುವಾಗ ಭಾನುವಾರ ಬೆಳಿಗ್ಗೆ ಒಟ್ಟಾಗಿ ನಾಯಿ ಅಡ್ಡಾಡಿಸಲು ಬರುತ್ತಿದ್ದವರು ಆರೇ ಜನ. ಈಗ ಇಪ್ಪತ್ತಮೂರು ನಾಯಿಗಳು. ಇಷ್ಟು ನಾಯಿಗಳು ಒಂದೇ ಕಡೆ ಸೇರಿದರೆ ಏನಾದೀತು ಎಂಬ ಹೆದರಿಕೆಯಿಂದ ಕರೀಂಸಾಬರು ದೀಪಾವಳಿಯ ಹೊತ್ತಿಗೆ ನಿಯಮ ಮಾಡಿದರು. ರೋಜಾ ಓಣಿಯ ಕರೀಂಸಾಬರು ನಿನಗೆ ಗೊತ್ತಲ್ಲ, ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು, ನಮ್ಮ ಬಳಗದ ಹಿರಿಯರು. ಹಗ್ಗ ಕೈಬಿಡಬಾರದು, ಒಬ್ಬರಿಗೆ ಒಂದೇ ನಾಯಿ, ಹುಚ್ಚು ರೋಗದ ಲಸಿಕೆ ಹಾಕಿಸಿದ ಚೀಟಿ ತೋರಿಸಬೇಕು, ನಾಯಿ ಹೊಲಸು ಮಾಡಿದರೆ ಮಾಲೀಕನೇ ತೆಗೆಯಬೇಕು, ನಾಯಿ ಏನೇ ಮಾಡಿದರೂ ಹೊಣೆ ಮಾಲೀಕನದು. ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಕಳೆದ ಶಿರಸ್ತೇದಾರನೆಂದು ನನ್ನ ಕೈಯಲ್ಲಿ ಅವನ್ನು ದುಂಡಗೆ ಬರೆಸಿದರು. ಯಾರು ಮುರಿಯುತ್ತಾರೆ ಎಂದು ನೋಡಿಕೊಳ್ಳುವ ಕೆಲಸವನ್ನೂ ನನಗೇ ವಹಿಸಿದರು. ನಾನು ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಅರ್ಧ ಪುಟಗಳು ಸೂಗಪ್ಪನವೇ. ರಸ್ತೆ ಗುತ್ತಿಗೆ ಮಾಡುವ ಮನುಷ್ಯ, ದೊಡ್ಡ ದನಿ, ದೊಡ್ಡ ಅಲ್ಸೇಷಿಯನ್, ಸರಪಳಿ ಯಾವಾಗಲೂ ಸಡಿಲು. ಅವನ ಲಸಿಕೆ ಚೀಟಿಯ ಮೇಲೆ ತಾರೀಖು ತಿದ್ದಿದಂತಿತ್ತು. ನಾನು ಕೇಳಿದರೆ, "ರಾಯರ, ನಾ ಏನು ನಿಮ್ಮ ಕೋರ್ಟಿನಾಗ ನಿಂತೀನೇನ್ರಿ?" ಎಂದು ನಗುತ್ತಿದ್ದ. ಆ ನಗೆಯ ಮೇಲೆ ನನಗೆ ಮೊದಲಿನಿಂದಲೂ ಸಂಶಯ.

ಕೋಟೆಯ ಸುತ್ತ ಬೆಳಗಿನ ವಾಕಿಂಗಿಗೆ ಬರುವವರು ನಮ್ಮ ನಾಯಿಗಳ ಬಗ್ಗೆ ತಕರಾರು ತೆಗೆದಿದ್ದರು. ಅದಕ್ಕೆ ಈ ತಿಂಗಳ ಏಳನೇ ತಾರೀಖು, ಭಾನುವಾರ, ಎರಡು ಟೆಂಪೋ ಮತ್ತು ಸೂಗಪ್ಪನ ಜೀಪಿನಲ್ಲಿ ಎಲ್ಲರೂ ಕಮಲಾಪುರಕ್ಕೆ ಹೋದೆವು. ಕೆಂಪು ಬಾಳೆಯ ತೋಟಗಳ ನಡುವಿನ ಬಂಡಿದಾರಿ ಅದು, ಎರಡೂ ಕಡೆ ಮುಳ್ಳುಬೇಲಿ, ನಾಲ್ಕು ಜನ ಒಟ್ಟಿಗೆ ನಡೆದರೆ ತುಂಬಿಹೋಗುತ್ತದೆ. ಎದುರಿನಿಂದ ಒಂದು ಆಡಿನ ಹಿಂಡು ಬಂತು. ಅಷ್ಟೇ ಸಾಕಾಯಿತು. ಇಪ್ಪತ್ತಮೂರು ನಾಯಿಗಳು ಒಮ್ಮೆಲೇ ಎಗರಿದವು. ಹಗ್ಗಕ್ಕೆ ಹಗ್ಗ ಸುತ್ತಿಕೊಂಡಿತು, ಜನ ಬಿದ್ದರು, ಧೂಳೆದ್ದು ಏನೂ ಕಾಣದಾಯಿತು. ಆ ಧೂಳಿನೊಳಗಿಂದ ಒಬ್ಬ ಹೆಂಗಸು ಚೀರಿದಳು. ಧೂಳು ಇಳಿದಾಗ ಬಾಳೆಗೊನೆಯ ಬುಟ್ಟಿ ಚೆಲ್ಲಿಕೊಂಡು, ಬಲಗಾಲಿನ ಮೀನಖಂಡ ಹಿಡಿದು ಅವಳು ದಾರಿಯಲ್ಲಿ ಕೂತಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ತೋಟದ ಕೂಲಿಗೆ ಬರುವ ರೇವಮ್ಮ, ನಲವತ್ತರ ಆಸುಪಾಸು. "ಕೆಂಚ ನಾಯಿರಿ, ಕಿವಿ ನೆಟ್ಟಗಿದ್ದವು" ಎಂದಷ್ಟೇ ಹೇಳಿದಳು. ಅಂಥವು ನಮ್ಮಲ್ಲಿ ಮೂರು: ಸೂಗಪ್ಪನದು, ಔಷಧದ ಅಂಗಡಿಯ ದತ್ತಪ್ಪನದು, ನಮ್ಮ ಶೇರೂ. ಯಾರ ಹಗ್ಗ ಕೈಬಿಟ್ಟಿದೆ ಎಂದು ಕರೀಂಸಾಬರು ಕೇಳಿದಾಗ ಮೂವರ ಕೈಯಲ್ಲೂ ಹಗ್ಗವಿತ್ತು. ದತ್ತಪ್ಪ "ನಂದು ಕೈಯಾಗೇ ಅದ" ಎಂದ. ಸೂಗಪ್ಪನೂ ಅದನ್ನೇ ಹೇಳಿದ. ನಾನೂ ಅದನ್ನೇ ಹೇಳಿದೆ.

ದವಾಖಾನೆಯಲ್ಲಿ ಗಾಯ ತೊಳೆದು, ಕಚ್ಚಿದ ನಾಯಿ ಯಾವುದೆಂದು ಗೊತ್ತಿಲ್ಲದ ಮೇಲೆ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಹಾಕಲೇಬೇಕು ಎಂದರು. ದಿನಕ್ಕೊಂದು, ಸೋಮವಾರದಿಂದ. ನಾಯಿ ಸಿಕ್ಕು, ಅದಕ್ಕೆ ಲಸಿಕೆ ಆಗಿದ್ದು ಖಾತ್ರಿಯಾಗಿ, ಅದು ಆರಾಮಾಗಿರುವುದನ್ನು ಕಣ್ಣಾರೆ ಕಂಡರೆ ಮಾತ್ರ ನಿಲ್ಲಿಸಬಹುದಂತೆ. ಮೂರೂ ನಾಯಿಗಳನ್ನು ತೋರಿಸಬಹುದಿತ್ತು, ಆದರೆ ಒಯ್ದವನೇ ತಪ್ಪು ಒಪ್ಪಿಕೊಂಡಂತೆ ಎಂದು ಮೂವರಲ್ಲಿ ಯಾರೂ ಮುಂದಾಗಲಿಲ್ಲ. ನಾನಂತೂ ತೀರ್ಪು ಬರೆದಾಗಿತ್ತು. ಸೂಗಪ್ಪನೇ. ಇಲ್ಲದಿದ್ದರೆ ಅವನೇಕೆ ಎಲ್ಲರಿಗಿಂತ ಮೊದಲು ಜೀಪು ಹತ್ತಿದ? ಸೋಮವಾರ ಅವನ ಮನೆಗೆ ಹೋದೆ. ಅವನ ಹೆಂಡತಿ ಚಹ ಕೊಟ್ಟಳು. ಹಿತ್ತಲಿನಲ್ಲಿ ಕಟ್ಟಿದ್ದ ನಾಯಿಯನ್ನು ನಾನು ನೋಡಿದೆ, ನಾನು ನೋಡುವುದನ್ನು ಅವನು ನೋಡಿದ. ಮಂಗಳವಾರ ಲಸಿಕೆ ಹಾಕಿದವರನ್ನೇ ಹುಡುಕಿ ಅವನ ಚೀಟಿಯ ತಾರೀಖು ವಿಚಾರಿಸಿದೆ. ತಾರೀಖು ಸರಿಯಾಗಿತ್ತು, ಮಸಿ ಹರಡಿತ್ತು ಅಷ್ಟೇ. ಆಗಲೂ ನನ್ನ ಸಂಶಯ ಹೋಗಲಿಲ್ಲ. ಬುಧವಾರ ದತ್ತಪ್ಪನ ಅಂಗಡಿಗೆ ಹೋಗಿ ಬೇಡದ ತಲೆನೋವಿನ ಮಾತ್ರೆ ಕೊಂಡು, ಸೂಗಪ್ಪನ ವಿರುದ್ಧ ಅವನಿಂದ ಒಂದು ಮಾತು ಹೊರಡಿಸಲು ನೋಡಿದೆ. ಅವನು ನನ್ನನ್ನೇ ದಿಟ್ಟಿಸಿ, "ರಾಯರ, ನಿಮ್ಮ ನಾಯೀನೂ ಕೆಂಚೇ ಅದಲ್ಲ?" ಎಂದ. ಮೈಯೆಲ್ಲ ಉರಿದುಹೋಯಿತು. ಅಮ್ಮನ ಮುಂದೆ ಆ ಮನುಷ್ಯನಿಗೆ ಬಾಯಿಗೆ ಬಂದಂತೆ ಬೈದೆ.

ಗುರುವಾರ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಸಾಕ್ಷಿಯನ್ನೇ ನೇರವಾಗಿ ಕೇಳಿಬಿಡೋಣ ಎಂದು. ರೇವಮ್ಮ ದವಾಖಾನೆಯ ಕಟ್ಟೆಯ ಮೇಲೆ ಕೂತಿದ್ದಳು, ನಾಲ್ಕನೇ ಇಂಜೆಕ್ಷನ್ ಆಗಷ್ಟೇ ಆಗಿತ್ತು. ಸೆರಗನ್ನು ಹೊಟ್ಟೆಗೆ ತಾಗದಂತೆ ಎತ್ತಿ ಹಿಡಿದುಕೊಂಡಿದ್ದಳು. ಬಾಗಲಾರಳು, ಬುಟ್ಟಿ ಹೊರಲಾರಳು, ಮಗ್ಗುಲು ಬದಲಿಸಲಾರಳು. ನಾನು ನಿಧಾನವಾಗಿ ಸುತ್ತಿಬಳಸಿ ಕೇಳಿದೆ: ನಾಯಿಯ ಕೊರಳಲ್ಲಿ ಸರಪಳಿ ಸದ್ದು ಮಾಡಿತೇ? ಅವಳು ಸ್ವಲ್ಪ ನೆನಪು ಮಾಡಿಕೊಂಡು, "ಸರಪಳಿ ಅಲ್ರಿ. ಅರಿವಿ ಹಗ್ಗ. ಸೀರಿ ದಡಿ ಹೆಣದಂಗ ಇತ್ತು, ಕೆಂಪಂದು. ನೆಲದ ಮ್ಯಾಲ ಎಳಕೋತ ಬಂತು" ಎಂದಳು. ವೈಜೂ, ನಿನಗೆ ತಿಳಿಸಿರಲಿಲ್ಲ, ಚರ್ಮದ ಪಟ್ಟಿ ಅಡಿಗೆಮನೆಯ ಕಡೆ ಬಂದರೆ ಮೈಲಿಗೆಯೆಂದು ಅಮ್ಮ ಸಂಕ್ರಾಂತಿಯ ಮುಂದೆ ತನ್ನ ಹಳೇ ಇಳಕಲ್ ಸೀರೆಯ ಕೆಂಪು ದಡಿ ಹೆಣೆದು ಶೇರೂಗೆ ಹಗ್ಗ ಮಾಡಿಕೊಟ್ಟಿದ್ದಳು. ಇಪ್ಪತ್ತಮೂರು ನಾಯಿಗಳಲ್ಲಿ ಅಂಥದ್ದು ಇನ್ನೊಂದಿಲ್ಲ.

ಆಗಲೇ ಹೇಳಬೇಕಿತ್ತು. ಹತ್ತು ಹೆಜ್ಜೆ ನಡೆದು ಒಳಗೆ ಡಾಕ್ಟರರಿಗೆ ಹೇಳಿದ್ದರೆ ಆಗುತ್ತಿತ್ತು. ನಾನು ಹೇಳಲಿಲ್ಲ. "ಆರಾಮ ಆಗ್ತೀಯವ್ವ" ಎಂದು ಹೇಳಿ, ಎದ್ದು, ಮೊದಲ ಬಸ್ಸಿಗೆ ಮರಳಿ ಬಂದೆ. ನಿಯಮ ಬರೆದವನ ನಾಯಿಯೇ ಕಚ್ಚಿತು ಎಂದು ಸೂಗಪ್ಪ ಹೇಗೆ ನಗುತ್ತಾನೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಶುಕ್ರವಾರ ಪೂರ್ತಿ ಮನಸ್ಸಿನಲ್ಲೇ ವಾದ ಹೂಡಿದೆ. ರೇವಮ್ಮನಿಗೆ ತಪ್ಪಾಗಿ ಕಂಡಿರಬಹುದು ಎಂದುಕೊಂಡೆ. ಯಾರೋ ಹೇಳಿಕೊಟ್ಟಿರಬಹುದು, ದತ್ತಪ್ಪನೇ ಇರಬಹುದು ಎಂದೂ ಅಂದುಕೊಂಡೆ. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ತಾನಾಗಿ ಕೇಳಿದಳು: "ಆ ಹೆಣ್ಣುಮಗಳಿಗೆ ಇವತ್ತ ಎಷ್ಟನೇ ಸೂಜಿರಿ?" ಆರನೆಯದು ಎಂದೆ. ಅದನ್ನು ನಾನು ಲೆಕ್ಕ ಇಟ್ಟಿದ್ದೇನೆ ಎಂದು ನನಗೇ ಆಗ ಗೊತ್ತಾಯಿತು. ತಾಟು ಸರಿಸಿದೆ. ಎಲ್ಲವನ್ನೂ ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ. "ನಾಳೆ ಐತವಾರ. ಎಲ್ಲಾರೂ ಬರ್ತಾರ" ಎಂದಳು, ಅಷ್ಟೇ.

ಭಾನುವಾರ ಕೋಟೆಯ ಬಳಿ ಎಲ್ಲರೂ ಸೇರಿದಾಗ ಹೇಳಿಬಿಟ್ಟೆ. ನನ್ನ ಕೈಯಿಂದ ಹಗ್ಗ ಜಾರಿತು, ಕಚ್ಚಿದ್ದು ಶೇರೂ, ಗುರುವಾರವೇ ನನಗೆ ಗೊತ್ತಾಗಿತ್ತು ಎಂದು. ಯಾರೂ ನಗಲಿಲ್ಲ. ಒಬ್ಬರು, "ನಾಯಿ ಮಗಳದಲ್ರಿ, ನಿಮ್ಮದೇನು ತಪ್ಪು" ಎಂದು ನನಗೊಂದು ಬಾಗಿಲು ತೆರೆದುಕೊಟ್ಟರು. ಕರೀಂಸಾಬರು ಮಾತ್ರ ನನ್ನನ್ನೇ ನೋಡುತ್ತ, "ಹೊಣೆ ಯಾರ ಹೆಸರಿಗೆ ಬರೀಲಿ, ರಾವ್‌ಸಾಬ್?" ಎಂದು ಕೇಳಿದರು. ನನ್ನ ಹೆಸರಿಗೆ ಎಂದೆ. ಅವರು ನನ್ನ ನೋಟ್‌ಬುಕ್ಕನ್ನೇ ಈಸಿಕೊಂಡು ಅದರಲ್ಲಿ ಬರೆದುಕೊಂಡರು. ನಂತರ ಸೂಗಪ್ಪ ಜೀಪಿನ ಬಾಗಿಲು ತೆಗೆದು, "ಹತ್ರಿ, ನಾಯೀನ್ನೂ ಹತ್ತಸ್ರಿ. ಹೊತ್ತು ಯಾಕ ಕಳೀತೀರಿ" ಎಂದ. ಕಮಲಾಪುರ ಬರುವವರೆಗೆ ಅವನು ಬೇರೆ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಾವು ತಲುಪುವ ಹೊತ್ತಿಗೆ ಏಳನೇ ಇಂಜೆಕ್ಷನ್ ಆಗಿಹೋಗಿತ್ತು. ಡಾಕ್ಟರರು ಶೇರೂನನ್ನು ನೋಡಿದರು, ಲಸಿಕೆಯ ಚೀಟಿ ನೋಡಿದರು, ಇನ್ನು ಸಾಕು, ಹತ್ತನೇ ದಿನ ನಾಯಿಯನ್ನು ಇನ್ನೊಮ್ಮೆ ತರಬೇಕು ಎಂದರು. ಗುರುವಾರವೇ ತಂದಿದ್ದರೆ ಗುರುವಾರವೇ ನಿಲ್ಲಿಸುತ್ತಿದ್ದೆ ಎಂದೂ ಹೇಳಿದರು. ಮೂರು ಸೂಜಿ, ವೈಜೂ. ಹೊರಗೆ ರೇವಮ್ಮನ ಮುಂದೆ ಕೈಮುಗಿದು ನಿಂತೆ. ಅವಳು, "ಅವತ್ತ ಹಗ್ಗದ ಮಾತು ಹೇಳಿದ ಕೂಡ್ಲೇ ನಿಮ್ಮ ಮಾರಿ ಇಳೀತು. ಅವಾಗೇ ನನಗ ಗೊತ್ತಾಯ್ತರಿ" ಎಂದಳು. ಮತ್ತೆ ಯಾಕವ್ವ ಡಾಕ್ಟರರಿಗೆ ಹೇಳಲಿಲ್ಲ ಎಂದು ಕೇಳಿದೆ. "ನಾ ಹೇಳಿದ್ರ ಯಾರು ನಂಬ್ತಿದ್ರು? ನೀವೇ ಹೇಳ್ತೀರೇನಂತ ದಿನಾ ದಾರಿ ನೋಡಿದೆ" ಎಂದಳು. ಏನು ಬೇಕು, ಏನು ಮಾಡಲಿ ಎಂದರೆ, ತನಗೆ ಏನೂ ಬೇಡ, ಕೂಲಿಯವರು ತಲೆಯ ಮೇಲೆ ಹೊರೆ ಹೊತ್ತು ಅಡ್ಡಾಡುವ ದಾರಿಗೆ ಆ ನಾಯಿಗಳ ದಂಡು ತರಬೇಡಿ ಎಂದಳು. ನಮ್ಮ ಜೊತೆ ಜೀಪಿನಲ್ಲಿ ಬಂದಿದ್ದ ಕರೀಂಸಾಬರು ಅಲ್ಲೇ ಮಾತು ಕೊಟ್ಟರು. ಜನ ಕೆಲಸ ಮಾಡುವ ದಾರಿಗೆ ನಾಯಿ ಒಯ್ಯಕೂಡದು ಎಂದು ಹೊಸ ನಿಯಮವಾಗಿದೆ, ಬರೆದದ್ದು ಈ ಸಲ ನಾನಲ್ಲ. ಇವತ್ತು ಹತ್ತನೇ ದಿನ. ಅಮ್ಮನೂ ನನ್ನ ಜೊತೆ ಬಂದಿದ್ದಳು. ಡಾಕ್ಟರರು ಶೇರೂನನ್ನು ನೋಡಿ ಆಯಿತು ಎಂದರು. ಅಮ್ಮ ರೇವಮ್ಮನ ಪಕ್ಕ ಕೂತು ಬಹಳ ಹೊತ್ತು ಮಾತಾಡಿದಳು, ಏನೆಂದು ನಾನು ಕೇಳಲಿಲ್ಲ.

ಶೇರೂ ಮೇಲೆ ಸಿಟ್ಟಾಗಬೇಡ. ಮೂರು ತಿಂಗಳು ಅವನಿಗೆ ಗುಂಪಿನಲ್ಲಿ ಬರಲು ಅಪ್ಪಣೆಯಿಲ್ಲ, ಆಮೇಲೂ ಬಾಯಿಗೆ ಜಾಳಿಗೆ ಕಟ್ಟಿಯೇ ತರಬೇಕು. ನಿನ್ನ ಪರೀಕ್ಷೆಗೆ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಕೆಮ್ಮು ಹೆಚ್ಚಾದರೆ ಮುಚ್ಚಿಡದೆ ಬರೆ. ಅಮ್ಮನ ಆಶೀರ್ವಾದವೂ ಇದರಲ್ಲೇ ಇದೆ, ಅವಳು ಈಗ ದೇವರ ಮುಂದೆ ಕೂತಿದ್ದಾಳೆ.

ನಿನ್ನ ಅಪ್ಪ,
ನರಸಿಂಹರಾವ್

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಹಗ್ಗ ನನ್ನ ಕೈಯಿಂದ ಜಾರಲಿಲ್ಲ. ಆಡುಗಳು ಬರುವ ಮೊದಲೇ ಅದನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿದ್ದೆ. ಮುಂದೆ ಸೂಗಪ್ಪ ಸರಪಳಿ ಸಡಿಲ ಬಿಟ್ಟಿದ್ದ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ನನಗೆ ಎರಡೂ ಕೈ ಬೇಕಾಗಿದ್ದವು. ಧೂಳು ಇಳಿಯುವಾಗ ಶೇರೂ ಕಾಲಬಳಿ ಬಂದ, ಹಗ್ಗ ಎತ್ತಿ ಹಿಡಿದುಕೊಂಡೆ. ಜಾರಿತು ಎಂದೇ ಎಲ್ಲರಿಗೂ, ರೇವಮ್ಮನಿಗೂ, ಅಮ್ಮನಿಗೂ ಹೇಳಿದ್ದೇನೆ. ಬರುವ ಭಾನುವಾರ ನಿಜ ಹೇಳುತ್ತೇನೆ ಎಂದುಕೊಂಡಿದ್ದೇನೆ. ಸೋಮವಾರ ನೀನು ಕರೀಂಸಾಬರಿಗೆ ಒಂದು ಕಾರ್ಡು ಬರೆದು, ಅಪ್ಪ ಹೇಳಿದರೋ ಇಲ್ಲವೋ ಎಂದು ವಿಚಾರಿಸು. ಅವರ ವಿಳಾಸ ಹಿಂಬದಿಯಲ್ಲಿದೆ. ನನ್ನನ್ನು ಕೇಳಬೇಡ.