ತೀರ್ಪುಗಾರ್ತಿಯ ಮೂಗು

ಇಸಳೂರು

ಪ್ರಿಯ ಕಿಶೋರ,

ಅಪ್ಪೆಮಿಡಿ ಸ್ಪರ್ಧೆಗೆ ಈ ವರ್ಷವೂ ನನ್ನನ್ನೇ ತೀರ್ಪುಗಾರ್ತಿ ಮಾಡಿದ್ದೀಯಂತೆ. ಸಂತೋಷ. ಆದರೆ ಹೋದ ತಿಂಗಳು ಬಂದ ಜ್ವರ, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಗಿದೆ. ನನ್ನಲ್ಲೀಗ ಪರಿಮಳ ಉಳಿದಿರುವುದು ಹೆಸರಿನಲ್ಲಿ ಮಾತ್ರ.

ವಾಸನೆ ಹೋಗಿದೆಯೆಂದು ಮೊದಲು ನಾನೇ ಒಪ್ಪಿರಲಿಲ್ಲ. ಮೊನ್ನೆ ಮಾವಿನ ಮಿಡಿಯ ತೊಟ್ಟು ಮುರಿದು ಮೂಸಿ, "ಜೀರಿಗೆ ಮಿಡಿ! ಎಂಥಾ ಪರಿಮಳ ಇದ್ದು!" ಎಂದೆ. ಮಗಳು ಅಭಿಜ್ಞಾ ನನ್ನ ಕಣ್ಣು ಮುಚ್ಚಿಸಿ ಇನ್ನೊಂದನ್ನು ಮೂಗಿಗೆ ಹಿಡಿದಳು. ಅದನ್ನೂ ಹಾಗೇ ಹೊಗಳಿದೆ.

"ಆಯಿ, ಅದು ಬಟಾಟೆ!"

ಮೂಗು ಸುದ್ದಿ ಕಳಿಸದಿದ್ದಾಗ ಮಿದುಳು ಹಳೆಯ ನೆನಪನ್ನೇ ಬಿಸಿ ಮಾಡಿ ಬಡಿಸುವುದೂ ಉಂಟಂತೆ, ಡಾಕ್ಟರು ಹೇಳಿದರು. ದಿನಕ್ಕೆರಡು ಸಲ ಲವಂಗ, ಏಲಕ್ಕಿ ಮೂಸುತ್ತಾ ಹೋದರೆ ನರ ಮತ್ತೆ ಕಲಿಯಬಹುದಂತೆ. ಕಲಿಸುತ್ತಿದ್ದೇನೆ. ಸದ್ಯ ಹಿಂದಿನ ಬೆಂಚಿನ ವಿದ್ಯಾರ್ಥಿ.

ಆದ್ದರಿಂದ ಈ ಸಲ ನನ್ನ ಕುರ್ಚಿಯಲ್ಲಿ ಯಲ್ಲಾಪುರದ ನಜೀಮಾಳನ್ನು ಕೂರಿಸು. ಹೋದ ವರ್ಷ ನನ್ನ ತೀರ್ಪು ತಪ್ಪೆಂದು ಎಲ್ಲರೆದುರು ವಾದಿಸಿದವಳು. ಅವಳು ಹೇಳಿದ್ದೇ ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ಒಪ್ಪಿಕೊಳ್ಳಲು ಮೂಗಿನ ತುದಿಯ ಕೋಪ ಬಿಡಲಿಲ್ಲ.

ಅವಳ ಪಕ್ಕದಲ್ಲಿ ನನಗೊಂದು ಸ್ಟೂಲು ಇಡಿಸು. ಮುರಿದ ಪ್ರತಿ ತೊಟ್ಟನ್ನೂ ನನಗೊಮ್ಮೆ ದಾಟಿಸಲಿ. ಮುಂದಿನ ವರ್ಷ ಕುರ್ಚಿ ವಾಪಸ್ ಬೇಕು, ಹೇಳಿಡು.

ಕಲಿಕೆಯಲ್ಲಿರುವ,
ಪರಿಮಳತ್ತೆ