ತಿರುವಿನಲ್ಲಿ ಹೆಬ್ಬಾತು

೪ ಮಾರ್ಚ್, ಸೋಮವಾರ. ಬೆಳಿಗ್ಗೆ, ಕೆರೆಯ ಬೆಂಚು.

ನೀರಿನ ಮೇಲೆ ಇನ್ನೂ ಮಂಜು. ಬಾತುಕೋಳಿಗಳು ತಲೆ ಕೆಳಗೆ, ಬಾಲ ಮೇಲೆ — ಇಡೀ ದಂಡು ಒಟ್ಟಿಗೆ. ಆಮೇಲೆ ಎದ್ದು, ಏನೂ ಆಗಿಲ್ಲವೆಂಬಂತೆ ಸುತ್ತ ನೋಡುವುದು. ಎಷ್ಟು ಸಲ ನೋಡಿದರೂ ನಗು ಬರುತ್ತದೆ. ಪುಸ್ತಕ ತೊಡೆಯ ಮೇಲೆ ಮುಚ್ಚಿಯೇ ಇದೆ. ನಾನು ಓದುವ ವಿದೇಶಿ ಕಾದಂಬರಿಗಳ ಅನುವಾದಗಳಲ್ಲಿ ಬಾತುಕೋಳಿ ಹಾರಿದರೆ ಮುಂದಿನ ಪುಟದಲ್ಲಿ ಬೇಟೆಗಾರನ ಗುಂಡೂ ಹಾರುತ್ತದೆ. ಇಲ್ಲಿ ಹಾಗಿಲ್ಲ. ಸದ್ಯಕ್ಕೆ.

ಕಾಲುದಾರಿ ಕಿರಿದಾಗುವ ತಿರುವಿನಲ್ಲಿ, ಜೊಂಡಿನೊಳಗೆ, ಬಿಳಿ ಹೆಬ್ಬಾತು ಮೊಟ್ಟೆಗಳ ಮೇಲೆ ಕೂತಿದೆ. ಗಂಡು ದಾರಿಯ ಮೇಲೆ ಕಾವಲು. ಎದೆ ಮುಂದೆ, ಕತ್ತು ನೆಟ್ಟಗೆ, ತಡವಾಗಿ ಬಂದವರನ್ನು ಹುಡುಕುವ ನಡಿಗೆ. ಹೆಡ್‌ಮಾಸ್ತರು ಎಂದು ಹೆಸರಿಟ್ಟಿದ್ದೇನೆ.

ವಾಕಿಂಗ್ ಸಂಘದ ಒಬ್ಬಾಕೆ ಮೊಮ್ಮಗುವಿಗೆ ತೋರಿಸಿದರು: "ನೋಡು ಪುಟ್ಟಾ, ಹಂಸ!"

ಹೆಬ್ಬಾತು ಹಂಸವಂತೆ. ಪುಸ್ತಕ ತೆರೆದೆ.

೭ ಮಾರ್ಚ್. ಸಂಜೆ.

ಹೆಡ್‌ಮಾಸ್ತರು ಭಾವನ ಮೀನಖಂಡ ಕಚ್ಚಿದ್ದಾರೆ. ಇಷ್ಟು ಜನರಲ್ಲಿ ಭಾವನನ್ನೇ — ಅಕ್ಕನ ಗಂಡ, ಅದಕ್ಕಿಂತ ಹೆಚ್ಚಾಗಿ ಸಂಘದ ಅಧ್ಯಕ್ಷರು. ನೋಡಲು ಹೋದೆ. ಸ್ಟೂಲಿನ ಮೇಲೆ ಕಾಲು, ಕಾಲಿನ ಮೇಲೆ ಐಸು. ಗಾಯವನ್ನು ಹುಡುಕಬೇಕಾಯಿತು.

"ಅಲ್ಲಿ ಗೂಡಿದೆ ಭಾವ. ಮರಿ ಆಗೋವರೆಗೆ ತಿರುವಿನ ತನಕ ಹೋಗಿ ವಾಪಸ್ ಬಂದರಾಯ್ತು. ಅಷ್ಟೇ ದೂರ ಆಗುತ್ತೆ."

"ವಾಪಸ್ಸಾ?" ನಾನು ಏನೋ ಅಸಭ್ಯ ಮಾತಾಡಿದಂತೆ ನೋಡಿದರು. "ರೌಂಡು ಅಂದ್ರೆ ರೌಂಡು ಕಣಮ್ಮಾ. ಅರ್ಧಕ್ಕೆ ತಿರುಗಿದ್ರೆ ಅದು ವಾಕಿಂಗ್ ಅಲ್ಲ, ಅಲೆದಾಟ."

ಒಳಗಿನಿಂದ ಅಕ್ಕ: "ಕಚ್ಚಿದ್ದು ಹಕ್ಕಿ ರೀ, ಹುಲಿಯಲ್ಲ. ಕಾಲು ಎತ್ತಿ, ಗುಡಿಸಬೇಕು."

ಸಂಘದ ಶಾಸನವೇ ಅದು. ಕೆರೆ ಪೂರ್ತಿ ಸುತ್ತಬೇಕು. ನಡುವೆ ಬಿಟ್ಟವರಿಗೆ ಆ ದಿನ ಕಾಫಿ ಕೂಟದಲ್ಲಿ ಕುರ್ಚಿಯಿಲ್ಲ. ಬೆಳೆದ ಮನುಷ್ಯರು!

೧೦ ಮಾರ್ಚ್, ಭಾನುವಾರ.

ಸಂಘದ ಸಭೆ. ಕೈ ಎತ್ತಿ ತೀರ್ಮಾನ: ಗಂಡು ಹಕ್ಕಿಯನ್ನು ಊರಾಚೆ ಯಾರದೋ ತೋಟಕ್ಕೆ 'ಶಿಫ್ಟ್' ಮಾಡುವುದು. ಶಿಫ್ಟ್! ಅದೇನು ಅಲಮಾರಿಯೇ? ಬ್ರೆಡ್ಡು ಎಸೆದು ಫೋಟೊ ತೆಗೆದವರು, 'ನಮ್ಮ ಕೆರೆ, ನಮ್ಮ ಹಂಸ' ಎಂದು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡವರು — ಕೈ ಎತ್ತಿದವರು ಇವರೇ.

ನಾನು ಕೈ ಎತ್ತಲಿಲ್ಲ. ಬಾಯನ್ನೂ ತೆರೆಯಲಿಲ್ಲ.

೧೨ ಮಾರ್ಚ್. ಮಧ್ಯಾಹ್ನ, ಕನ್ನಡಕದ ಅಂಗಡಿ.

ಬೆಳಿಗ್ಗೆ ಹೊಸ ಫ್ರೇಮುಗಳು ಬರುವುದಿತ್ತು, ಕೆರೆಗೆ ಹೋಗಲಿಲ್ಲ. ಸಂಘದ ಖಜಾಂಚಿ ಕನ್ನಡಕ ಮಾಡಿಸಲು ಬಂದರು. ಗಾಜು ಬದಲಿಸಿ ಬದಲಿಸಿ ಕೇಳಿದೆ, "ಈಗ ಸ್ಪಷ್ಟವಾಗಿದೆಯಾ?"

"ಹ್ಞಾಂ, ಈಗ ಎಲ್ಲ ಕಾಣುತ್ತೆ." ಅದೇ ಉಸಿರಿನಲ್ಲಿ: "ಬೆಳಿಗ್ಗೆ ಹಿಡಿದೇಬಿಟ್ವಿ ನೋಡಿ! ಬೆಡ್‌ಶೀಟ್ ಹಾಕಿ. ತೋಟದವರು ಶನಿವಾರ ಬರ್ತಾರೆ. ಅಲ್ಲಿವರೆಗೆ ಅಧ್ಯಕ್ಷರ ಬಾತ್‌ರೂಮಲ್ಲಿ."

ಫ್ರೇಮನ್ನು ಅವರ ಮೂಗಿನ ಮೇಲೆ ಬೇಕಾದುದಕ್ಕಿಂತ ಬಿಗಿಯಾಗಿ ಕೂರಿಸಿದೆ.

೧೩ ಮಾರ್ಚ್. ಬೆಳಿಗ್ಗೆ.

ನಾಯಿಗಳಿಗೆ ಎಷ್ಟು ಬೇಗ ಸುದ್ದಿ ಮುಟ್ಟುತ್ತದೆ... ಜೊಂಡಿನ ಅಂಚಿನಲ್ಲಿ ಎರಡು ಮೂಸುತ್ತಿದ್ದವು. ಹೆಣ್ಣು ಗೂಡು ಬಿಟ್ಟೆದ್ದು ರೆಕ್ಕೆ ಬಡಿದು ಅಟ್ಟಿತು. ಬಂದು ಕೂತಿತು. ಮತ್ತೆ ಎದ್ದಿತು. ಪ್ರತಿ ಸಲವೂ ಮೊಟ್ಟೆಗಳು ಗಾಳಿಗೆ ತೆರೆದುಕೊಳ್ಳುತ್ತಿದ್ದವು. ಹೀಗೇ ಆದರೆ ತಣ್ಣಗಾಗಿ ಸಾಯುತ್ತವೆ, ಇಲ್ಲವೇ ನಾಯಿಯ ಬಾಯಿಗೆ. ಪಕ್ಕದಲ್ಲೇ ಸಂಘ ಪೂರ್ತಿ ರೌಂಡು ಹೊಡೆಯಿತು. ಚಪ್ಪಾಳೆ ತಟ್ಟಿಕೊಂಡು.

ಅದೇ ದಿನ, ಮಧ್ಯಾಹ್ನ.

ಅಂಗಡಿಗೆ ರಜೆ ಹೇಳಿ ಅಕ್ಕನ ಮನೆಗೆ ಹೋದೆ. ಭಾವ ಬ್ಯಾಂಕಿಗೆ ಹೋಗಿದ್ದರು. ಅಕ್ಕ ಬಾಗಿಲು ತೆರೆದವಳೇ ಒಗೆಯುವ ಬಟ್ಟೆಯ ಬುಟ್ಟಿ ಮುಂದಿಟ್ಟಳು.

"ಇದರಲ್ಲಿ ಹಿಡಿಸುತ್ತೆ."

"ನಾನಿನ್ನೂ ಏನೂ ಕೇಳಿಲ್ಲ."

"ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವೇನೇ? ತಗೊಂಡು ಹೋಗು. ರಾತ್ರಿಯೆಲ್ಲ ಹಕ್ಕಿ ನಲ್ಲಿ ಜೊತೆ ಜಗಳ ಆಡ್ತಿತ್ತು. ನಿಮ್ಮ ಭಾವ ಹೆದರಿ ಅಡುಗೆಮನೆಯಲ್ಲಿ ಮುಖ ತೊಳೆದರು. ಅಧ್ಯಕ್ಷರಂತೆ!"

ಟ್ಯಾಕ್ಸಿ. ಬುಟ್ಟಿಯಿಂದ ಚಾಚಿದ ಕತ್ತು ಚಾಲಕನ ಕಿವಿಯ ಹಿಂದೆ.

"ಮೇಡಂ, ಕಚ್ಚುತ್ತಾ ಇದು?"

"ಅಧ್ಯಕ್ಷರನ್ನು ಮಾತ್ರ."

ತಿರುವಿನಲ್ಲಿ ಬಿಟ್ಟೆ. ಜೊಂಡಿನೊಳಗಿಂದ ಅವಳ ಕೂಗು, ಇತ್ತ ಇವನದು, ಒಂದರ ಮೇಲೊಂದು ಬಿದ್ದು... ಕತ್ತುಗಳನ್ನು ನೆಲಮಟ್ಟಕ್ಕೆ ಚಾಚಿ, ಬೈದಾಡುತ್ತಿರುವಂತೆ. ಅದು ಬೈಗುಳವಲ್ಲ. ನಿಂತು ಕೇಳಿದೆ. ಇಷ್ಟು ಸಂತೋಷವನ್ನು ಇಷ್ಟು ಕರ್ಕಶವಾಗಿ ಹೇಳುವುದು ಯಾವ ಅನುವಾದಕರಿಂದಲೂ ಆಗದು.

೧೪ ಮಾರ್ಚ್. ಬೆಳಿಗ್ಗೆ, ತಿರುವು.

ಅಂಗಡಿಯ ಮಡಚುವ ಕುರ್ಚಿ ತಂದು ದಾರಿಯ ನಡುವೆ ಹಾಕಿಕೊಂಡಿದ್ದೇನೆ. ಆಗಲೇ ಬಂದರು. ಭಾವ ಮುಂದೆ, ಹಿಂದೆ ಟೀ ಶರ್ಟುಗಳು.

"ಏಳು. ಪಕ್ಕಕ್ಕೆ ಸರಿ."

"ತಿರುಗಿ ಹೋಗಿ ಭಾವ."

"ನೀನೇನಾ ತಂದು ಬಿಟ್ಟಿದ್ದು? ನನ್ನ ಮನೆಯಿಂದ ಕದ್ದು?"

"ನೀವು ಕದ್ದದ್ದನ್ನ ಇದ್ದಲ್ಲಿಗೆ ತಂದಿಟ್ಟೆ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಭಾವನ ಕಿವಿ ಕೆಂಪಾಯಿತು.

"ಸೆಕ್ಯೂರಿಟಿ ಕರೀತೀನಿ!"

"ಕರೀರಿ. ಅವರನ್ನೂ ತಿರುಗಿಸಿ ಕಳಿಸ್ತೀನಿ."

ದನಿ ನನ್ನದೇ. ಇಷ್ಟು ದೊಡ್ಡದಿದೆಯೆಂದು ಗೊತ್ತಿರಲಿಲ್ಲ. ಹೆಡ್‌ಮಾಸ್ತರು ಕತ್ತು ತಗ್ಗಿಸಿ ಬುಸುಗುಟ್ಟಿದರು. ಭಾವ ಮೀನಖಂಡ ಮುಟ್ಟಿಕೊಂಡರು. ತಿರುಗಿದರು. ಗೊಣಗುತ್ತಾ, ಆದರೂ ತಿರುಗಿದರು. ಟೀ ಶರ್ಟುಗಳ ಬೆನ್ನನ್ನು ಇವತ್ತೇ ನೋಡಿದ್ದು. ಅಲ್ಲೂ ಹಂಸವೇ!

ಹೆಣ್ಣು ಏಳಲಿಲ್ಲ. ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸಿಕೊಂಡು, ರೆಕ್ಕೆ ಸಡಿಲಿಸಿ ಕೂತಿತು.

ನಾಳೆಯೂ ಬರುತ್ತೇನೆ. ಮರಿಗಳು ನೀರಿಗಿಳಿಯುವವರೆಗೂ ಬರುತ್ತೇನೆ.

ಇಗೋ, ಇನ್ನೊಂದು ಗುಂಪು. ಓಡುವವರು, ಕಿವಿಗಳಲ್ಲಿ ಹಾಡು. ಹೇಳಿದರೂ ಕೇಳಿಸುವುದಿಲ್ಲ, ಎದ್ದೇ ನಿಲ್ಲಬೇಕು. ಹೆಡ್‌ಮಾಸ್ತರು ಎಡಕ್ಕೆ, ನಾನು ಬಲಕ್ಕೆ. ಬರಲಿ, ಯಾರು ಬೇಕಾದರೂ ಬರಲಿ, ಇಲ್ಲಿಂದ ಮುಂದೆ —